ಟ್ರೆಷರ್ ಐಲೆಂಡ್: ಸಿಲ್ವರ್ ಹೊಗಳಿದ್ದು ಜಿಮ್ ಒಬ್ಬನನ್ನೇ ಅಲ್ಲ

ಓದುಗಿ_ತುಮಕೂರು:

ಎಲ್ಲರಿಗೂ ನಮಸ್ಕಾರ. ಸೆಕೆಂಡ್ ಪಿಯು ಪರೀಕ್ಷೆ ಮುಗಿದ ರಜೆಯಲ್ಲಿ ರಾಬರ್ಟ್ ಲೂಯಿ ಸ್ಟೀವನ್‌ಸನ್ ಅವರ ‘ಟ್ರೆಷರ್ ಐಲೆಂಡ್’ ಮೂಲದಲ್ಲೇ, 34 ಅಧ್ಯಾಯವನ್ನೂ ಬಿಡದೆ ಓದಿದೆ. ಹೈಸ್ಕೂಲಿನಲ್ಲಿ ಓದಿದ್ದ ಸಂಕ್ಷಿಪ್ತ ಪುಸ್ತಕದಲ್ಲಿ ನಕ್ಷೆ, ಹಡಗು, ನಿಧಿ ಅಷ್ಟೇ ಇತ್ತು. ನನಗೆ ಈಗ ತಲೆ ತುಂಬಾ ಕೂತಿರೋದು ಬೇರೆ ವಿಷಯ, ಅದನ್ನ ಯಾರ ಹತ್ರನಾದ್ರೂ ಹೇಳ್ಕೊಳ್ಳದೆ ಇರಕ್ಕಾಗ್ತಿಲ್ಲ. ಕಥೆಯ ಕೊನೆಯನ್ನೂ ಹೇಳಿಬಿಡ್ತೀನಿ, ಓದಬೇಕು ಅಂತಿರೋರು ಇಲ್ಲೇ ನಿಲ್ಲಿಸಿ.

ಓದದೇ ಇದ್ರೂ ಪರವಾಗಿಲ್ಲ ಅನ್ನೋರಿಗೆ ಕಥೆ ಇಷ್ಟು. ಇಂಗ್ಲೆಂಡಿನ ಕಡಲ ದಂಡೆಯಲ್ಲಿ ‘ಅಡ್ಮಿರಲ್ ಬೆನ್‌ಬೋ’ ಅನ್ನೋ ವಸತಿಗೃಹ. ಅದನ್ನ ನಡೆಸೋ ಮನೆಯ ಹುಡುಗ ಜಿಮ್ ಹಾಕಿನ್ಸ್. ಅಲ್ಲಿಗೆ ಬಂದು ಉಳಿದ ಬಿಲ್ಲಿ ಬೋನ್ಸ್ ಅನ್ನೋ ಮುದುಕ ಕಡಲ್ಗಳ್ಳ ಸಾಯ್ತಾನೆ, ಅವನ ಪೆಟ್ಟಿಗೆಯಲ್ಲಿ ಕ್ಯಾಪ್ಟನ್ ಫ್ಲಿಂಟ್ ಹೂತಿಟ್ಟ ನಿಧಿಯ ನಕ್ಷೆ ಸಿಗುತ್ತೆ. ಡಾಕ್ಟರ್ ಲಿವ್ಸೀ, ಜಮೀನ್ದಾರ ಟ್ರೆಲಾನಿ, ಕ್ಯಾಪ್ಟನ್ ಸ್ಮಾಲೆಟ್ ಜೊತೆ ಜಿಮ್ ‘ಹಿಸ್ಪ್ಯಾನಿಯೋಲಾ’ ಹಡಗು ಹತ್ತುತ್ತಾನೆ. ಹಡಗಿನ ಅಡುಗೆಯವನೇ ಒಂಟಿ ಕಾಲಿನ ಲಾಂಗ್ ಜಾನ್ ಸಿಲ್ವರ್. ಹಡಗಲ್ಲಿರೋ ಮುಕ್ಕಾಲು ಮಂದಿ ಅವನ ಕಡೆಯವರು ಅನ್ನೋದು ಯಾರಿಗೂ ಗೊತ್ತಿರಲ್ಲ.

ಸಿಲ್ವರ್ ಜಿಮ್‌ನನ್ನ ಚಿಕ್ಕ ಹುಡುಗ ಅಂತ ಯಾವತ್ತೂ ತಳ್ಳಿ ಮಾತಾಡಲ್ಲ. ಬ್ರಿಸ್ಟಲ್ ಬಂದರಿನಲ್ಲಿ ಹಡಗುಗಳನ್ನ ತೋರಿಸ್ಕೊಂಡು, ಯಾವುದು ಏನು, ಹಗ್ಗ ಯಾಕೆ ಹಾಗಿದೆ ಅಂತ ಹೇಳ್ಕೊಂಡು ಜೊತೇಲಿ ನಡೀತಾನೆ. ಅದೇ ಊರಿನ ತನ್ನ ಹೋಟ್ಲಲ್ಲಿ, ಮೊದಲ ಭೇಟಿಯಲ್ಲೇ, ನೀನು ಜಾಣ, ನೋಡಿದ ಕೂಡಲೇ ಗೊತ್ತಾಯ್ತು ಅಂತಾನೆ. ಆಮೇಲೆ ಹಡಗಿನ ಅಡುಗೆಮನೆಗೆ ಕರೆದು ಗಿಣಿ ತೋರಿಸ್ತಾನೆ. ಅಪ್ಪನನ್ನ ಕಳ್ಕೊಂಡು ಸ್ವಲ್ಪ ದಿನ ಆಗಿರೋ ಹುಡುಗನಿಗೆ ದೊಡ್ಡವರೊಬ್ಬರು ಸಮಾನವಾಗಿ ಕೂರಿಸ್ಕೊಂಡು ಮಾತಾಡಿದ್ರೆ ಹೇಗಾಗುತ್ತೆ ಅಂತ ಯೋಚನೆ ಮಾಡಿ. ಅಲ್ಲೀವರೆಗೆ ನಾನೂ ಸಿಲ್ವರ್ ಪಾರ್ಟಿನೇ.

ಆಮೇಲೆ ಸೇಬಿನ ಪೀಪಾಯಿ ಅಧ್ಯಾಯ ಬರುತ್ತೆ. ಹಸಿವಾಯ್ತು ಅಂತ ಜಿಮ್ ಪೀಪಾಯಿ ಒಳಗೇ ಇಳಿದಿರ್ತಾನೆ, ತಳದಲ್ಲಿ ಒಂದೋ ಎರಡೋ ಹಣ್ಣು ಉಳಿದಿರುತ್ತೆ. ಹೊರಗೆ ಸಿಲ್ವರ್ ಬಂದು ಅದಕ್ಕೇ ಒರಗಿ ಕೂತು, ಡಿಕ್ ಅನ್ನೋ ಎಳೆ ವಯಸ್ಸಿನ ನಾವಿಕನನ್ನ ದಂಗೆಗೆ ಸೇರಿಸ್ಕೊಳ್ತಾ ಇರ್ತಾನೆ. ಆಗ ಡಿಕ್‌ಗೆ ಏನು ಹೇಳ್ತಾನೆ ಗೊತ್ತಾ? ನೀನು ಚಿಕ್ಕವನು, ಆದ್ರೆ ಜಾಣ, ನೋಡಿದ ಕೂಡಲೇ ಗೊತ್ತಾಯ್ತು, ಅದಕ್ಕೇ ದೊಡ್ಡವನ ಜೊತೆ ಮಾತಾಡೋ ಹಾಗೆ ಮಾತಾಡ್ತಿದೀನಿ ಅಂತ. ಜಿಮ್‌ಗೆ ಹೇಳಿದ್ದ ಅದೇ ಮಾತು! ಕೊಲೆ, ದರೋಡೆ ಸಂಚು ಕೇಳಿಸ್ಕೊಳ್ಳೋಕೆ ಮುಂಚೆನೇ ಜಿಮ್‌ಗೆ ಉರಿಯೋದು ಈ ಮಾತು ಕೇಳಿ. ಪೀಪಾಯಿ ಒಳಗಿಂದ ಕೈ ಹಾಕಿ ಕೊಂದೇಬಿಡ್ತಿದ್ದೆ ಅಂತಾನೆ. ನಾನು ಆ ಪುಟದಲ್ಲಿ ಪುಸ್ತಕ ಮುಚ್ಚಿ ಸುಮ್ಮನೆ ಕೂತೆ. ಹುಡುಗರಿಗೆ ಬರೆದ ಕಡಲ್ಗಳ್ಳರ ಕಥೆ ಅಂತಾರಲ್ಲ, ಮನಸ್ಸು ಮುರಿಯೋದು ಅಂದ್ರೆ ಏನು ಅಂತ ಇಷ್ಟು ಚೆನ್ನಾಗಿ ಬರೆದಿರೋದು ನಾನು ಕಡಿಮೆ ಓದಿದೀನಿ.

ಇನ್ನೊಂದು ಜಿಮ್ ಅಮ್ಮ. ಇಡೀ ಕಥೆಯಲ್ಲಿ ಕಣ್ಣಿಗೆ ಬಿದ್ದು ಕೆಲಸ ಮಾಡೋ ಹೆಂಗಸು ಅವರೊಬ್ಬರೇ, ಬೇಗ ಮಾಯವೂ ಆಗ್ತಾರೆ. ಆದ್ರೆ ಆ ದೃಶ್ಯ ನೋಡಿ. ಬಿಲ್ಲಿ ಬೋನ್ಸ್ ಹೆಣ ನೆಲದ ಮೇಲಿದೆ, ಕಳ್ಳರು ಯಾವ ಗಳಿಗೆಯಲ್ಲಾದ್ರೂ ಬರಬಹುದು, ಪಕ್ಕದ ಊರಿನ ಗಂಡಸರು ಒಬ್ಬರೂ ಜೊತೆಗೆ ಬರಲ್ಲ. ಅಪ್ಪ ಇಲ್ಲದ ಮಗನಿಗೆ ಸೇರಬೇಕಾದ ದುಡ್ಡು ನಾನು ಬಿಡಲ್ಲ ಅಂತ ಆ ತಾಯಿ ಮಗನನ್ನ ಕರ್ಕೊಂಡು ಕತ್ತಲಲ್ಲಿ ವಾಪಸ್ ಬಂದು ಪೆಟ್ಟಿಗೆ ತೆಗೀತಾರೆ. ಒಳಗೆ ಚೀಲದ ತುಂಬ ನಾನಾ ದೇಶದ ನಾಣ್ಯ: ಡಬ್ಲೂನ್, ಲೂಯಿ ದೋರ್, ಗಿನಿ, ಸ್ಪೇನಿನ ಬೆಳ್ಳಿ ನಾಣ್ಯ ಎಲ್ಲಾ ಕಲೆಸಿಹೋಗಿವೆ. ಅವರಿಗೆ ಲೆಕ್ಕ ಹಾಕೋಕೆ ಬರೋದು ಗಿನಿಯಲ್ಲಿ ಮಾತ್ರ, ಚೀಲದಲ್ಲಿ ಕಡಿಮೆ ಇರೋದೂ ಅದೇ. ಒಂದೊಂದಾಗಿ ಹುಡುಕಿ ಎಣಿಸ್ತಾರೆ. ಹೊರಗೆ ಹೆಪ್ಪುಗಟ್ಟಿದ ರಸ್ತೆ ಮೇಲೆ ಪ್ಯೂ ಅನ್ನೋ ಕುರುಡ ಕಡಲ್ಗಳ್ಳನ ಕೋಲು ಟಕ್ ಟಕ್ ಅಂತ ಹತ್ತಿರ ಬರ್ತಿದೆ. ಮಗ ಎಲ್ಲಾನೂ ಬಾಚ್ಕೊಂಡು ಹೋಗೋಣ ಅಂತಾನೆ. ಅಮ್ಮ ಒಪ್ಪಲ್ಲ. ನನಗೆ ಬರಬೇಕಾದ್ದು ಬೇಕು, ಒಂದು ಕಾಸು ಹೆಚ್ಚು ಬೇಡ, ಕಡಿಮೆಗೂ ಬಿಡಲ್ಲ. ಕೊನೆಗೆ ಓಡಲೇಬೇಕಾದಾಗ, ಲೆಕ್ಕ ಸರಿಹೋಗಲಿ ಅಂತ ಜಿಮ್ ಮೇಣದ ಬಟ್ಟೆ ಸುತ್ತಿದ ಒಂದು ಕಟ್ಟು ಎತ್ಕೊಳ್ತಾನೆ. ಅದರೊಳಗೇ ನಕ್ಷೆ ಇರೋದು. ಏಳು ಲಕ್ಷ ಪೌಂಡ್ ನಿಧಿಯ ದಾರಿ ಇವರ ಕೈಗೆ ಬಂದಿದ್ದು ಊಟ ವಸತಿ ಬಾಕಿಗೆ ಬದಲಾಗಿ.

ನಿಧಿಗೋಸ್ಕರ ಎಷ್ಟು ಜನ ಸಾಯ್ತಾರೋ ಈ ಪುಸ್ತಕದಲ್ಲಿ, ಅವರೆಲ್ಲರ ಎದುರು ಈ ಅಮ್ಮ ಒಬ್ಬರು ಸಾಕು ಅನ್ನಿಸ್ತು ನನಗೆ.

ನಿಮಗೆಲ್ಲಾ ಸಿಲ್ವರ್ ಬಗ್ಗೆ ಏನನ್ಸುತ್ತೆ? ದ್ವೇಷ ಮಾಡೋಕಾಯ್ತಾ?

ಚಿಂತಾಮಣಿ_ಕಡೆಯವನು:

ತಂಗಿ, ಚೆನ್ನಾಗಿ ಬರ್ದಿದೀಯ. ನನಗಂತೂ ಆಯ್ತಮ್ಮ. ದ್ವೀಪಕ್ಕೆ ಇಳಿದ ಮೊದಲ ದಿನವೇ ಟಾಮ್ ಅನ್ನೋ ನಾವಿಕ ನಾನು ದಂಗೆಗೆ ಸೇರಲ್ಲ ಅಂತ ನೇರವಾಗಿ ಹೇಳಿ ತಿರುಗಿ ನಡೀತಾನೆ. ಸಿಲ್ವರ್ ಏನು ಮಾಡ್ತಾನೆ? ಮರದ ಕೊಂಬೆ ಹಿಡ್ಕೊಂಡು ಊರುಗೋಲನ್ನ ಈಟಿ ಥರ ಬೀಸಿ ಬೆನ್ನಿಗೆ ಹೊಡೀತಾನೆ. ಬಿದ್ದವನ ಮೇಲೆ ಒಂಟಿ ಕಾಲಲ್ಲೇ ಹಾರಿ ಎರಡು ಸಲ ಚೂರಿ ಹಾಕ್ತಾನೆ. ಆಮೇಲೆ ಚೂರಿನ ಹುಲ್ಲಿಗೆ ಒರೆಸ್ತಾನೆ. ಇದನ್ನ ಓದಿದ ಮೇಲೂ ಸಿಲ್ವರ್ ಅಂದ್ರೆ ಇಷ್ಟ ಅನ್ನೋರನ್ನ ಕಂಡ್ರೆ ನನಗೆ ಅರ್ಥ ಆಗಲ್ಲ. ಟಾಮ್ ಕೂಡ ಅವನ ಸ್ನೇಹಿತನೇ ಅಲ್ವಾ? ಕೈ ಚಾಚಿ ಮಾತಾಡ್ತಿದ್ದವನನ್ನೇ ಕೊಂದ.

ಗುಬ್ಬಿಯವಳು:

ಇಷ್ಟ ಆಗೋದು ಬೇರೆ, ಒಪ್ಪೋದು ಬೇರೆ ಅಣ್ಣ. ನಮ್ಮ ಕಡೆ ಮೂಡಲಪಾಯ ಯಕ್ಷಗಾನ ನೋಡಿದೋರಿಗೆ ಇದು ಗೊತ್ತು. ರಾಕ್ಷಸ ವೇಷ ರಂಗಕ್ಕೆ ಬರೋವರೆಗೂ ಅರ್ಧ ಊರು ತೂಕಡಿಸ್ತಾ ಇರುತ್ತೆ. ಅವನು ಬಂದು ಅಬ್ಬರಿಸಿದ ಅಂದ್ರೆ ಚಾಪೆ ಮೇಲೆ ಮಲಗಿದ್ದ ಮಕ್ಕಳೂ ಎದ್ದು ಕೂರ್ತಾವೆ. ಅವನು ಸಾಯಬೇಕು ಅಂತ ಎಲ್ಲರಿಗೂ ಗೊತ್ತು, ಆದ್ರೂ ಅವನ ಪದ ಇನ್ನೊಂದು ಸಲ ಕೇಳೋಣ ಅನ್ಸುತ್ತೆ. ಸಿಲ್ವರ್ ಇಲ್ಲದ ಅಧ್ಯಾಯಗಳಲ್ಲಿ ಪುಸ್ತಕ ಸ್ವಲ್ಪ ಸೊರಗುತ್ತೆ ಅನ್ನೋದು ನನ್ನ ಅಭಿಪ್ರಾಯ. 16ರಿಂದ 18ನೇ ಅಧ್ಯಾಯದವರೆಗೆ ಡಾಕ್ಟರ್ ಕಥೆ ಹೇಳ್ತಾರಲ್ಲ, ಅಲ್ಲಿ ನನಗೆ ಯಾವಾಗ ಜಿಮ್ ವಾಪಸ್ ಬರ್ತಾನೋ ಅನ್ನಿಸ್ತಿತ್ತು.

ಆದ್ರೆ ಸಿಲ್ವರ್‌ದು ರಾಕ್ಷಸ ವೇಷದ ಅಬ್ಬರ ಅಲ್ಲ. ಅವನು ಮೆತ್ತಗೆ ಮಾತಾಡ್ತಾನೆ. ಅವನ ಅಡುಗೆಮನೆ ಎಷ್ಟು ಚೊಕ್ಕಟ, ಪಾತ್ರೆಗಳು ಹೊಳೀತಾ ನೇತಾಡ್ತಿರ್ತಾವೆ. ಹಡಗು ಎಷ್ಟೇ ಹೊಯ್ದಾಡಿದ್ರೂ ಊರುಗೋಲಿನ ತುದಿನ ಗೋಡೆಗೆ ಕೊಟ್ಟು, ನೆಲದ ಮೇಲೆ ನಿಂತ ಹಾಗೆ ನಿಂತು ಅಡುಗೆ ಮಾಡ್ತಾನೆ. ಕೆಲಸ ಚೆನ್ನಾಗಿ ಮಾಡೋರನ್ನ ಕಂಡ್ರೆ ನನಗೆ ಮೊದಲೇ ಗೌರವ, ಅಲ್ಲೇ ಸೋತೆ.

ಸಿಸ್ಟರ್_ಶಿರಾ:

ನಾನು ಆಸ್ಪತ್ರೆಯಲ್ಲಿ ಕೆಲಸ ಮಾಡೋಳು. ನನ್ನ ಕಣ್ಣು ಡಾಕ್ಟರ್ ಲಿವ್ಸೀ ಮೇಲೇ ಇತ್ತು. ಬಿಲ್ಲಿ ಬೋನ್ಸ್ ಚೂರಿ ತೆಗೆದಾಗ ಅವರು ದನಿಯನ್ನೂ ಏರಿಸಲ್ಲ, ಚೂರಿ ಜೇಬಿಗೆ ಹಾಕದಿದ್ರೆ ಗಲ್ಲಿಗೆ ಹಾಕಿಸ್ತೀನಿ ಅಂತಾರೆ, ಯಾಕಂದ್ರೆ ಅವರು ಮ್ಯಾಜಿಸ್ಟ್ರೇಟೂ ಹೌದು. ಅದೇ ಮನುಷ್ಯ ಲಕ್ವ ಹೊಡೆದು ಬಿದ್ದಾಗ ತೋಳಿನಿಂದ ರಕ್ತ ತೆಗೆದು ಉಳಿಸೋದೂ ಅವರೇ. ಅವತ್ತಿನ ಚಿಕಿತ್ಸೆ ಅದು. ಇನ್ಮೇಲೆ ರಮ್ ಕುಡಿದ್ರೆ ಸಾಯ್ತೀಯ ಅಂತ ಮುಖಕ್ಕೇ ಹೇಳ್ತಾರೆ.

ಮರದ ಕೋಟೆಯ ಬೆಳಗಿನ ದೃಶ್ಯ ನೆನಪಿದೆಯಾ ತುಮಕೂರಿನ ಹುಡುಗಿ? ಎರಡು ದಿನದ ಹಿಂದೆ ಇವರ ಮೇಲೆ ಗುಂಡು ಹಾರಿಸಿದ್ದ ಕಡಲ್ಗಳ್ಳರು ಅಲ್ಲಿ ಜ್ವರ, ಗಾಯ ಅಂತ ಮಲಗಿದ್ದಾರೆ. ಡಾಕ್ಟರ್ ಒಬ್ಬರೇ ಔಷಧಿ ಹಿಡ್ಕೊಂಡು ಒಳಗೆ ಬಂದು ಒಬ್ಬೊಬ್ಬರನ್ನೇ ನೋಡ್ತಾರೆ, ನಾಲಿಗೆ ತೋರಿಸು ಅಂತಾರೆ, ಔಷಧಿ ಕುಡಿದೆಯಾ ಅಂತ ಗದರ್ತಾರೆ. ಯಾರೋ ಮನೆಗೆ ಬಂದ ಹಾಗೆ. ಜವುಗು ನೆಲದಲ್ಲಿ ಬಿಡಾರ ಹಾಕಿದ್ರಲ್ಲ, ಮಲೇರಿಯಾ ಬರದೆ ಇನ್ನೇನು ಬರುತ್ತೆ ಅಂತ ಬೈತಾರೆ. ಕೆಟ್ಟ ಗಾಳಿಯಿಂದ ಜ್ವರ ಅಂತಲೇ ಆಗ ನಂಬಿದ್ದರು. ಸೊಳ್ಳೆ ಅಂತ ರೊನಾಲ್ಡ್ ರಾಸ್ ಸಿಕಂದರಾಬಾದ್‌ನಲ್ಲಿ ತೋರಿಸಿದ್ದು 1897ರಲ್ಲಿ, ಪುಸ್ತಕ ಬಂದು 14 ವರ್ಷ ಆದ ಮೇಲೆ. ಆದ್ರೂ ಜವುಗಿನಿಂದ ದೂರ ಇರಿ ಅನ್ನೋ ಸಲಹೆ ಸರಿಯಾಗೇ ಇತ್ತು ನೋಡಿ.

ರೋಗಿ ಕಳ್ಳನೋ ಸಾಹುಕಾರನೋ ಅಂತ ನೋಡದೆ ಕೈ ಹಿಡಿದು ನಾಡಿ ನೋಡೋದನ್ನ ನಾವು ಓದಿನಲ್ಲಿ ಕಲೀತೀವಿ, ಡ್ಯೂಟಿಯಲ್ಲಿ ಅದು ಎಷ್ಟು ಕಷ್ಟ ಅಂತ ನನಗೆ ಗೊತ್ತು. ಆ ಅಧ್ಯಾಯ ಓದ್ತಾ ಕಣ್ಣು ತುಂಬಿತು.

ಓದುಗಿ_ತುಮಕೂರು:

ಸಿಸ್ಟರ್, ಅದೇ ಬೆಳಗ್ಗೆ ಇನ್ನೊಂದು ನಡೆಯುತ್ತೆ. ಜಿಮ್ ಆಗ ಕಳ್ಳರ ಕೈಲಿ ಸಿಕ್ಕಿರ್ತಾನೆ. ಓಡಿಹೋಗಲ್ಲ ಅಂತ ಮಾತು ತಗೊಂಡು, ಬೇಲಿ ಹತ್ರ ಡಾಕ್ಟರ್ ಜೊತೆ ಮಾತಾಡೋಕೆ ಸಿಲ್ವರ್ ಬಿಡ್ತಾನೆ. ಡಾಕ್ಟರ್ ಮೆಲ್ಲಗೆ, ಒಂದು ನೆಗೆತ ನೆಗೆದುಬಿಡು, ಓಡೋಣ ಅಂತಾರೆ. ಜಿಮ್ ಒಪ್ಪಲ್ಲ, ಮಾತು ಕೊಟ್ಟಿದೀನಿ ಅಂತಾನೆ. ಪಾಪದ ಭಾರ ನಾನು ಹೊರ್ತೀನಿ ಬಾ ಅಂತ ದೊಡ್ಡವರೇ ಕರೆದ್ರೂ ಬರಲ್ಲ. ಮಾತು ಕೊಟ್ಟಿರೋದು ಯಾರಿಗೆ? ದಿನಕ್ಕೊಂದು ಪಕ್ಷ ಬದಲಾಯಿಸೋ ಸಿಲ್ವರ್‌ಗೆ. ಪುಸ್ತಕದಲ್ಲಿ ನನಗೆ ತುಂಬಾ ಇಷ್ಟ ಆಗಿದ್ದು ಈ ಜಾಗ. ಮೋಸಗಾರನಿಗೆ ಕೊಟ್ಟ ಮಾತನ್ನೂ ಉಳಿಸ್ಕೊಳ್ಳೋದ್ರಿಂದಲೇ ಜಿಮ್ ಬೇರೆ ಥರ ಮನುಷ್ಯ ಆಗ್ತಾನೆ.

ಆ ಅಮ್ಮನ ಮಗ ಅಲ್ವಾ.

ಚಾಂಪಿಯನ್_ರೀಫ್ಸ್:

ಕೆಜಿಎಫ್‌ನಿಂದ. ನಮ್ಮ ತಾತ ಗಣಿಯಲ್ಲಿದ್ದವರು. ನನಗೆ ಈ ಪುಸ್ತಕದ ಮೇಲೆ ಒಂದು ತಕರಾರಿದೆ. ಚಿನ್ನ ಅಂದ್ರೆ ಮಣ್ಣಲ್ಲಿ ಹೂತಿರೋ ಪೆಟ್ಟಿಗೆ, ನಕ್ಷೆ ಸಿಕ್ಕಿದೋನು ಹೋಗಿ ತಗೊಂಡು ಬರೋದು. ಅದು ಎಲ್ಲಿಂದ ಬಂತು? ಆ ಸ್ಪೇನಿನ ಬೆಳ್ಳಿ ನಾಣ್ಯ, ಸಿಲ್ವರ್ ಗಿಣಿ ಕಿರುಚ್ತಾ ಇರುತ್ತಲ್ಲ, ಅದರ ಬೆಳ್ಳಿ ದಕ್ಷಿಣ ಅಮೆರಿಕದ ಪೊಟೋಸಿಯಲ್ಲಿ, ಮೆಕ್ಸಿಕೋದಲ್ಲಿ ಅಗೆದಿದ್ದು. ಬಲವಂತಕ್ಕೆ ಗಣಿಗಿಳಿದ ಅಲ್ಲಿನ ಮೂಲನಿವಾಸಿಗಳು ಅಲ್ಲೇ ಸತ್ತರು. ಮೊದಲ ಕಳ್ಳತನ ಅಲ್ಲೇ ಆಯ್ತು, ಫ್ಲಿಂಟ್ ಎರಡನೇ ಕಳ್ಳ, ನಮ್ಮ ಜಮೀನ್ದಾರ ಟ್ರೆಲಾನಿ ಮೂರನೆಯವನು.

ಸ್ಟೀವನ್‌ಸನ್ ಇದನ್ನ ಬರೀತಿದ್ದ ಕಾಲಕ್ಕೇ, 1880ರ ಹೊತ್ತಿಗೆ, ಜಾನ್ ಟೇಲರ್ ಕಂಪನಿ ನಮ್ಮೂರಿಗೆ ಬಂದು ಶಾಫ್ಟ್ ಇಳಿಸ್ತಿತ್ತು. ಆಮೇಲೆ 3 ಕಿಲೋಮೀಟರ್‌ಗಿಂತ ಆಳಕ್ಕೆ ಹೋದ್ರು. ಕೆಳಗಿನ ಬಿಸಿ, ರಾಕ್ ಬರ್ಸ್ಟ್ ಅಂದ್ರೆ ಒತ್ತಡಕ್ಕೆ ಬಂಡೆ ಸಿಡಿಯೋದು, ದೂಳು ಕುಡಿದು ಹಾಳಾದ ಶ್ವಾಸಕೋಶ, ಇದೆಲ್ಲಾ ತಮಿಳುನಾಡಿನ ಕಡೆಯಿಂದ ಬಂದ ನಮ್ಮ ಜನದ ಪಾಲಿಗೆ. 2001ರಲ್ಲಿ ಗಣಿ ಮುಚ್ಚಿತು. ಉಳಿದಿರೋದು ಸೈನೈಡ್ ದಿಬ್ಬ, ಚಿನ್ನ ತೆಗೆದ ಮೇಲೆ ಸುರಿದ ಕಲ್ಲುಪುಡಿಯ ಗುಡ್ಡ. ಗಾಳಿ ಬೀಸಿದ್ರೆ ಇವತ್ತಿಗೂ ಬಿಳಿ ಪುಡಿ ಮನೆಯೊಳಗೆ ಬರುತ್ತೆ, ಅನ್ನದ ತಟ್ಟೆ ಮೇಲೆ ಇನ್ನೊಂದು ತಟ್ಟೆ ಮುಚ್ಚಿಟ್ಟೇ ನಾವು ಬೆಳೆದಿದ್ದು. ಚಿನ್ನ ಯಾವತ್ತೂ ಸುಮ್ಮನೆ ಸಿಗಲ್ಲ, ಯಾರೋ ಇಳಿದಿರ್ತಾರೆ. ಈ ಕಥೆಯಲ್ಲಿ ಇಳಿದೋರೇ ಇಲ್ಲ.

ಓದುಗಿ_ತುಮಕೂರು:

ಅಣ್ಣ, ನೀವು ಹೇಳಿದ್ದು ಓದಿ ಕೊನೆಯ ಅಧ್ಯಾಯಗಳಿಗೆ ವಾಪಸ್ ಹೋದೆ. ಪೂರ್ತಿ ಇಲ್ಲ ಅಂತ ಹೇಳೋಕಾಗಲ್ಲ. ದ್ವೀಪದಲ್ಲಿ ಒಂಟಿಯಾಗಿ ಉಳಿದುಹೋಗಿದ್ದ ಬೆನ್ ಗನ್ ಅನ್ನೋ ನಾವಿಕನ ಗವಿಯಲ್ಲಿ ಚಿನ್ನದ ರಾಶಿ ಮೊದಲ ಸಲ ಕಂಡಾಗ ಜಿಮ್ ಕುಣಿಯಲ್ಲ. ಇದನ್ನ ಕೂಡಿಹಾಕೋಕೆ ಎಷ್ಟು ಜೀವ ಹೋಯ್ತೋ, ಎಷ್ಟು ರಕ್ತ, ಎಷ್ಟು ಹಡಗು ಮುಳುಗಿಸಿದ್ರೋ, ಕಣ್ಣಿಗೆ ಬಟ್ಟೆ ಕಟ್ಟಿ ಎಷ್ಟು ಜನರನ್ನ ನೀರಿಗೆ ನಡೆಸಿದ್ರೋ, ಎಷ್ಟು ಸುಳ್ಳು, ಎಷ್ಟು ಕ್ರೌರ್ಯ, ಬದುಕಿರೋ ಯಾರೂ ಹೇಳಲಾರರು ಅಂತ ಯೋಚಿಸ್ತಾನೆ. ತಮ್ಮ ಹಡಗಿನವರೇ 17 ಜನ ಈಗಾಗಲೇ ಹೋದರು ಅಂತ ಲೆಕ್ಕ ಹೇಳೋದೂ ಅಲ್ಲೇ. ಆದ್ರೆ ಅವನ ಲೆಕ್ಕ ಸಮುದ್ರದವರೆಗೆ ಮಾತ್ರ ಹೋಗುತ್ತೆ, ಗಣಿವರೆಗೆ ಹೋಗಲ್ಲ. ಅಷ್ಟು ನೀವು ಹೇಳೋದು ಸರಿ. ಆಮೇಲೆ ನಾಣ್ಯಗಳನ್ನ ವಿಂಗಡಿಸೋ ಕೆಲಸ ಕೊಟ್ಟಾಗ ಅವನೂ ಖುಷಿ ಪಡ್ತಾನೆ, ಅದನ್ನ ಮುಚ್ಚಿಟ್ಟಿಲ್ಲ ಸ್ಟೀವನ್‌ಸನ್.

ಬೆಟ್ಟದಡಿ_ಮಧುಗಿರಿ:

ನಿಧಿ ಅಂದ ಕೂಡಲೇ ನಮ್ಮ ಕಡೆಯೋರಿಗೆ ಬೇರೆ ನೆನಪು ಬರುತ್ತೆ ಬಿಡಿ. ಮಧುಗಿರಿ, ಪಾವಗಡ ಕಡೆ ಯಾವ ಪಾಳು ಗುಡಿಗೆ ಹೋದ್ರೂ ಗುಂಡಿ. ನಂದಿ ಹೊಟ್ಟೆಯಲ್ಲಿ ನಿಧಿ ಇದೆ ಅಂತ ಒಡೆದಿರ್ತಾರೆ, ಲಿಂಗ ಕಿತ್ತು ಪಕ್ಕಕ್ಕೆ ಉರುಳಿಸಿರ್ತಾರೆ. ಅಮಾವಾಸ್ಯೆ ರಾತ್ರಿ ನಿಂಬೆಹಣ್ಣು, ಕುಂಕುಮ, ಹಾರೆ. ಸಿಕ್ಕಿದ್ದೇನೂ ಇರಲ್ಲ, ನಾನೂರು ಐನೂರು ವರ್ಷದ ಶಿಲ್ಪ ಮಾತ್ರ ಹೋಯ್ತು. ನೆಲದಲ್ಲಿ ನಿಧಿ ಸಿಕ್ರೆ ಸರ್ಕಾರಕ್ಕೆ ತಿಳಿಸಬೇಕು ಅನ್ನೋ ಕಾನೂನು ನಮ್ಮ ದೇಶದಲ್ಲಿ 1878ರಲ್ಲೇ ಬಂತು. ಕೇಳೋರು ಯಾರು?

ಅದಕ್ಕೇ ನನಗೆ ಆ ಖಾಲಿ ಗುಂಡಿ ಅಧ್ಯಾಯ ಬಹಳ ಹಿಡಿಸ್ತು. ಅಷ್ಟು ಜನ ಸತ್ತು, ಎತ್ತರದ ಮರ ಹುಡುಕಿ, ದಾರಿ ತೋರಿಸೋ ಹಾಗೆ ಮಲಗಿಸಿದ್ದ ಅಸ್ಥಿಪಂಜರ ದಾಟಿ ಓಡಿಬಂದ್ರೆ, ಗುಂಡಿಯಲ್ಲಿ ಮುರಿದ ಗುದ್ದಲಿ ಹಿಡಿ, ಒಡೆದ ಪೆಟ್ಟಿಗೆಯ ಹಲಗೆ, ಅದರ ಮೇಲೆ ಫ್ಲಿಂಟ್ ಹಡಗಿನ ಹೆಸರು. ಒಬ್ಬ ಇಳಿದು ಬೆರಳಲ್ಲಿ ಕೆದಕಿದ್ರೆ ಸಿಗೋದು ಎರಡು ಗಿನಿಯ ಒಂದು ನಾಣ್ಯ. ಇದೇನಾ ನಿನ್ನ ಏಳು ಲಕ್ಷ ಪೌಂಡು ಅಂತ ಮೆರ್ರಿ ಅನ್ನೋ ಕಡಲ್ಗಳ್ಳ ಅದನ್ನ ಸಿಲ್ವರ್ ಮುಖಕ್ಕೆ ಹಿಡೀತಾನೆ. ನಮ್ಮ ಗುಡಿ ಅಗೆಯೋರಿಗೆ ಆ ಪುಟ ಓದಿ ಹೇಳಬೇಕು ಅನ್ಸುತ್ತೆ.

ಬೆನ್ ಗನ್ ಪಾಪ. ಮೂರು ವರ್ಷ ಒಂಟಿಯಾಗಿ ದ್ವೀಪದಲ್ಲಿದ್ದು, ಅಷ್ಟೂ ಚಿನ್ನ ಬೆನ್ನ ಮೇಲೆ ಹೊತ್ತು ಗವಿಗೆ ಸಾಗಿಸಿದ್ದಾನೆ, ಆದ್ರೆ ರಾತ್ರಿ ಕನಸಲ್ಲಿ ಬರೋದು ಬಿಸಿ ಮಾಡಿದ ಚೀಸ್. ಜಿಮ್‌ನನ್ನ ಕಂಡು ಮೊದಲು ಕೇಳೋದೇ ಒಂದು ತುಂಡು ಚೀಸ್ ಇದೆಯಾ ಅಂತ.

ಮೇಷ್ಟ್ರು_ತಿಪಟೂರು:

ಚರ್ಚೆ ಬಹಳ ಚೆನ್ನಾಗಿ ನಡೆದಿದೆ. ಮಗಳೇ, ನಿನ್ನ ಸೇಬಿನ ಪೀಪಾಯಿಯ ಓದು ನನಗೆ ಹಿಡಿಸಿತು. ಪುಸ್ತಕ ಹುಟ್ಟಿದ ಬಗೆಯನ್ನು ಸ್ವಲ್ಪ ಹೇಳುತ್ತೇನೆ, ಅದು ನಿನ್ನ ಮಾತಿಗೂ ಹೊಂದುತ್ತದೆ.

1881ರ ಬೇಸಿಗೆ, ಸ್ಕಾಟ್ಲೆಂಡಿನ ಬ್ರೇಮಾರ್. ಹೊರಗೆ ಮಳೆ. ಸ್ಟೀವನ್‌ಸನ್ ಅವರ ಹೆಂಡತಿಯ ಮೊದಲ ಮದುವೆಯ ಮಗ ಲಾಯ್ಡ್ ಆಸ್‌ಬರ್ನ್, ಆಗ ಅವನಿಗೆ ಹದಿಮೂರು, ಬಣ್ಣದ ಪೆಟ್ಟಿಗೆ ಇಟ್ಟುಕೊಂಡು ಚಿತ್ರ ಬರೆಯುತ್ತಿದ್ದ. ಅವನ ಜೊತೆ ಕೂತು ಒಂದು ದ್ವೀಪದ ನಕ್ಷೆ ಬರೆದರು. ಆ ನಕ್ಷೆಯ ಕಾಡಿನೊಳಗಿಂದ ಪಾತ್ರಗಳು ಇಣುಕಿದವು ಎಂದು ಅವರೇ ಮುಂದೆ ಬರೆದಿದ್ದಾರೆ. ದಿನಕ್ಕೊಂದು ಅಧ್ಯಾಯದಂತೆ ಬರೆದು ಮನೆಯವರಿಗೆ ಓದಿ ಹೇಳುತ್ತಿದ್ದರು. ಹದಿನೈದು ಅಧ್ಯಾಯದ ನಂತರ ಕೈ ನಿಂತಿತು. ಉಳಿದದ್ದನ್ನು ಸ್ವಿಟ್ಜರ್ಲೆಂಡಿನ ದಾವೋಸ್‌ನಲ್ಲಿ ಮುಗಿಸಿದರು. ‘ಯಂಗ್ ಫೋಕ್ಸ್’ ಎಂಬ ಮಕ್ಕಳ ಪತ್ರಿಕೆಯಲ್ಲಿ 1881ರ ಅಕ್ಟೋಬರ್‌ನಿಂದ 1882ರ ಜನವರಿಯವರೆಗೆ ಕ್ಯಾಪ್ಟನ್ ಜಾರ್ಜ್ ನಾರ್ತ್ ಎಂಬ ಹೆಸರಿನಲ್ಲಿ ಬಂತು. ಆಗ ಅಷ್ಟೇನೂ ಗಮನ ಸೆಳೆಯಲಿಲ್ಲ. 1883ರಲ್ಲಿ ಪುಸ್ತಕವಾದ ಮೇಲೆ ಜನ ಮುಗಿಬಿದ್ದರು. ಪ್ರಕಾಶಕರಿಗೆ ಕಳಿಸಿದ ಮೂಲ ನಕ್ಷೆ ಕಳೆದುಹೋಗಿ, ಪುಸ್ತಕಕ್ಕಾಗಿ ಹೊಸದಾಗಿ ಬರೆಯಬೇಕಾಯಿತು.

ಅವರ ತಂದೆ ಥಾಮಸ್ ಸ್ಟೀವನ್‌ಸನ್ ದೀಪಸ್ತಂಭ ಕಟ್ಟುವ ಎಂಜಿನಿಯರ್. ಮನೆತನದ ವೃತ್ತಿಯೇ ಅದು. ಆ ಗಂಭೀರ ಮನುಷ್ಯ ಕಥೆ ಕೇಳುತ್ತಾ ಹುಡುಗನಂತೆ ಆದರಂತೆ. ಬಿಲ್ಲಿ ಬೋನ್ಸ್ ಪೆಟ್ಟಿಗೆಯಲ್ಲಿ ಏನೇನಿತ್ತು ಎಂಬ ಪಟ್ಟಿಯನ್ನು ಬರೆದುಕೊಟ್ಟವರು ಅವರೇ. ಹೆಂಗಸರ ಪಾತ್ರ ಬೇಡ ಎಂದು ಹಠ ಹಿಡಿದವನು ಲಾಯ್ಡ್. ಹಾಗಿದ್ದೂ ಆ ತಾಯಿ ನುಸುಳಿಕೊಂಡು ಬಂದಿದ್ದಾಳೆ, ಬಂದು ಪುಸ್ತಕದ ಲೆಕ್ಕವನ್ನೇ ಬರೆದಿಟ್ಟು ಹೋಗಿದ್ದಾಳೆ.

ಸಿಲ್ವರ್ ಮೂಲವೂ ಇಲ್ಲೇ ಹೇಳಬೇಕು. ಸ್ಟೀವನ್‌ಸನ್ ಅವರ ಗೆಳೆಯ ಕವಿ ಡಬ್ಲ್ಯು. ಇ. ಹೆನ್ಲಿಗೆ ಮೂಳೆ ಕ್ಷಯದಿಂದ ಒಂದು ಕಾಲು ತೆಗೆದಿದ್ದರು. ದೊಡ್ಡ ಆಳು, ದೊಡ್ಡ ನಗು. ಆ ಗೆಳೆಯನ ಬಲ, ಧೈರ್ಯ, ಚುರುಕು, ಸ್ನೇಹಪರತೆ ಇಟ್ಟುಕೊಂಡು ಅವನ ಒಳ್ಳೆಯ ಗುಣಗಳನ್ನೆಲ್ಲಾ ತೆಗೆದು ನಾವಿಕನೊಬ್ಬನಿಗೆ ತುಂಬಿದೆ ಎಂದು ಸ್ಟೀವನ್‌ಸನ್ ಹೇಳಿಕೊಂಡಿದ್ದಾರೆ. ನಮಗೆ ಸಿಲ್ವರ್ ಇಷ್ಟವಾಗುವುದು ಸುಮ್ಮನೆ ಅಲ್ಲ, ಪ್ರೀತಿಸಿದ ಗೆಳೆಯನ ಚೆಹರೆ ಅವನಿಗಿದೆ.

ಸಿಸ್ಟರ್_ಶಿರಾ:

ಸರ್, ಹೆನ್ಲಿಯ ಇನ್ನೊಂದು ಕಾಲನ್ನೂ ತೆಗೀಬೇಕು ಅಂದಿದ್ರು. ಅದನ್ನ ಎಡಿನ್‌ಬರೊ ಆಸ್ಪತ್ರೆಯಲ್ಲಿ ಉಳಿಸಿದ್ದು ಜೋಸೆಫ್ ಲಿಸ್ಟರ್, ಶಸ್ತ್ರಚಿಕಿತ್ಸೆಯಲ್ಲಿ ನಂಜು ತಡೆಯೋ ವಿಧಾನ ತಂದವರು. ನಮ್ಮ ಪಾಠದಲ್ಲಿ ಬರೋ ಲಿಸ್ಟರ್ ಅವರೇ. ಸ್ಟೀವನ್‌ಸನ್, ಹೆನ್ಲಿ ಮೊದಲ ಭೇಟಿ ಆಗಿದ್ದೂ ಆ ಆಸ್ಪತ್ರೆಯಲ್ಲೇ, 1875ರಲ್ಲಿ.

ಅಮ್ಮ_ಕ್ಯಾತಸಂದ್ರ:

ನನ್ನ ಮಗ ಐದನೇ ಕ್ಲಾಸು. ಓದಿಸಬಹುದಾ? ರಾತ್ರಿ ಹೆದರ್ತಾನೆ.

ಗುಬ್ಬಿಯವಳು:

ನೀವೇ ಗಟ್ಟಿಯಾಗಿ ಓದಿ ಹೇಳಿ ಅಕ್ಕ, ಮೊದಲು ಮನೆಯವರಿಗೆ ಓದಿ ಹೇಳಿದ ಕಥೆನೇ ಅಲ್ವಾ ಅದು. ಕುರುಡ ಪ್ಯೂ ಬರೋ ಅಧ್ಯಾಯ, ಟಾಮ್ ಸಾಯೋ ಅಧ್ಯಾಯ ಹಗಲಲ್ಲಿ ಓದಿ. ಹೆದರಿಕೆ ಆದ್ರೂ ನಿಲ್ಲಿಸು ಅನ್ನಲ್ಲ ಮಕ್ಕಳು.

ಚಿಂತಾಮಣಿ_ಕಡೆಯವನು:

ಮೇಷ್ಟ್ರೇ, ಗೆಳೆಯನ ಚೆಹರೆ ಇರಬಹುದು, ನಾನು ಮಾತ್ರ ಸಿಲ್ವರ್‌ನ ಬೇರೆ ಕಡೆ ನೋಡಿದೀನಿ. ನಮ್ಮೂರಲ್ಲಿ ಒಬ್ಬರು ಚೀಟಿ ನಡೆಸ್ತಿದ್ರು. ಟೊಮ್ಯಾಟೊ ಮಂಡಿಗೆ ಬರೋ ರೈತರು, ಹಮಾಲಿಗಳು, ಹೂವು ಮಾರೋ ಹೆಂಗಸರು ಎಲ್ಲಾ ಕಟ್ತಿದ್ರು. ಪ್ರತಿಯೊಬ್ಬರ ಮಕ್ಕಳ ಹೆಸರೂ ಗೊತ್ತು ಅವರಿಗೆ. ನಮ್ಮಪ್ಪನಿಗೆ, ನಿಮ್ಮಂಥ ನಿಯತ್ತಿನೋರು ನನ್ನ ಚೀಟಿಯಲ್ಲಿ ಇನ್ನೊಬ್ಬರಿಲ್ಲ ಅಂತಿದ್ರು. ಒಂದು ದಿನ ಬಾಗಿಲಿಗೆ ಬೀಗ. ಆಮೇಲೆ ಎಲ್ಲರೂ ಸೇರಿ ಮಾತಾಡಿದಾಗ ಗೊತ್ತಾಯ್ತು, ಎಲ್ಲರಿಗೂ ಅದೇ ಮಾತು ಹೇಳಿದ್ರಂತೆ. ನಮ್ಮಪ್ಪನಿಗೆ ದುಡ್ಡು ಹೋಗಿದ್ದಕ್ಕಿಂತ ಅದು ಜಾಸ್ತಿ ನೋವಾಯ್ತು. ಪೀಪಾಯಿ ವಿಷಯ ನೀನು ಬರೆದಿದ್ದು ಓದಿ ನಮ್ಮಪ್ಪನ ಮುಖ ಕಣ್ಮುಂದೆ ಬಂತು ತಂಗಿ.

ಅದಕ್ಕೇ ಕೊನೆಯಲ್ಲಿ ಸಿಲ್ವರ್ ಒಂದು ಚೀಲ ನಾಣ್ಯ ಎತ್ಕೊಂಡು ತಪ್ಪಿಸ್ಕೊಳ್ತಾನಲ್ಲ, ಮುನ್ನೂರು ನಾನೂರು ಗಿನಿ, ಅಷ್ಟಕ್ಕೇ ಪೀಡೆ ತೊಲಗಿತು ಅಂತ ಎಲ್ಲರೂ ನಿಟ್ಟುಸಿರು ಬಿಡ್ತಾರಲ್ಲ, ಅದು ನನಗೆ ಒಪ್ಪಿಗೆ ಇಲ್ಲ. ಅವನನ್ನ ಕಟಕಟೆಗೆ ತಂದು ನಿಲ್ಲಿಸಬೇಕಿತ್ತು.

ಓದುಗಿ_ತುಮಕೂರು:

ಅಣ್ಣ, ನಿಮ್ಮಪ್ಪನ ವಿಷಯ ಓದಿ ಸಂಕಟ ಆಯ್ತು.

ಸಿಲ್ವರ್ ತಪ್ಪಿಸ್ಕೊಂಡಿದ್ದಕ್ಕಿಂತ ನನ್ನನ್ನ ಕಾಡ್ತಿರೋದು ದ್ವೀಪದಲ್ಲೇ ಬಿಟ್ಟುಬಂದ ಮೂವರು. ಅದರಲ್ಲಿ ಡಿಕ್ ಇದಾನೆ. ಪೀಪಾಯಿ ಪಕ್ಕದಲ್ಲಿ ಕೂತು ಸಿಲ್ವರ್ ಮಾತು ನಂಬಿದ ಅದೇ ಡಿಕ್. ಅವನ ಬೈಬಲ್ ಪುಟ ಕತ್ತರಿಸಿಯೇ ಸಿಲ್ವರ್‌ಗೆ ಕರಿಚುಕ್ಕೆ, ಅಂದ್ರೆ ನೀನಿನ್ನು ನಾಯಕ ಅಲ್ಲ ಅನ್ನೋ ಕಳ್ಳರ ನೋಟಿಸು, ಕೊಟ್ಟಿದ್ದು, ಆಮೇಲೆ ಆ ಹುಡುಗ ಪಾಪ ತಟ್ಟಿತು ಅಂತ ಹೆದರಿ, ಜ್ವರದಲ್ಲಿ ಬೇಯ್ತಾ ಬೈಬಲ್ ಅವುಚ್ಕೊಂಡು ಓಡಾಡ್ತಾನೆ. ಜಿಮ್‌ಗೂ ಡಿಕ್‌ಗೂ ವ್ಯತ್ಯಾಸ ಎಷ್ಟು? ಒಬ್ಬ ಪೀಪಾಯಿ ಒಳಗಿದ್ದ, ಇನ್ನೊಬ್ಬ ಹೊರಗಿದ್ದ. ಒಳಗಿದ್ದವನಿಗೆ ಸತ್ಯ ಗೊತ್ತಾಗಿ ಸಾಹುಕಾರನಾಗಿ ಮನೆಗೆ ಬಂದ. ಹೊರಗಿದ್ದವನು ಜ್ವರ ಹಿಡಿದು ದ್ವೀಪದಲ್ಲೇ ಉಳಿದ. ಎಲ್ಲಕ್ಕೂ ಕಾರಣನಾದ ಸಿಲ್ವರ್ ಹಡಗು ಹತ್ತಿ ಬಂದ. ಇದು ನ್ಯಾಯನಾ?

ಚಾಂಪಿಯನ್_ರೀಫ್ಸ್:

ಸಿಲ್ವರ್ ಹತ್ರ ಬ್ಯಾಂಕ್ ಖಾತೆ ಇತ್ತು, ಹೋಟ್ಲು ಇತ್ತು, ಹೆಂಡ್ತಿ ಅದನ್ನೆಲ್ಲಾ ಮಾರಿ ಬೇರೆ ಊರಲ್ಲಿ ಕಾಯ್ತಿದ್ಲು. ಉಳಿದ ಕಳ್ಳರು ಗಳಿಸಿದ್ದನ್ನ ರಮ್‌ಗೆ ಸುರಿದ್ರು. ಯಾವ ಧಂದೆಯಲ್ಲೂ ಮೇಲಿರೋನು ದಡ ಸೇರ್ತಾನೆ, ಕೂಲಿಯವನು ಸಿಕ್ಕಿಬೀಳ್ತಾನೆ. ಸ್ಟೀವನ್‌ಸನ್‌ಗೆ ಇದು ಗೊತ್ತಿತ್ತು, ಅದಕ್ಕೆ ನನ್ನ ತಕರಾರು ಅರ್ಧ ವಾಪಸ್ ತಗೋತೀನಿ.

ಮೇಷ್ಟ್ರು_ತಿಪಟೂರು:

ಮಗಳೇ, ಹಡಗಿನ ಕಡೆಯಿಂದಲೂ ನೋಡು. ಹೊರಡುವಾಗ ಉಳಿದಿದ್ದವರು ಜಿಮ್, ಡಾಕ್ಟರ್, ಜಮೀನ್ದಾರ, ನಾವಿಕ ಗ್ರೇ, ಬೆನ್ ಗನ್, ಸಿಲ್ವರ್, ಮತ್ತೆ ಗಾಯಗೊಂಡು ಹಾಸಿಗೆ ಮೇಲಿಂದಲೇ ಆಜ್ಞೆ ಕೊಡುತ್ತಿದ್ದ ಕ್ಯಾಪ್ಟನ್. ಹಾಯಿ ಎಳೆಯಲೂ ಸಾಲದ ಕೈಗಳು. ಮೂವರು ದಂಗೆಕೋರರನ್ನು ಹತ್ತಿಸಿಕೊಂಡರೆ ಕಾವಲು ಯಾರು? ಕರೆತಂದರೂ ಊರಲ್ಲಿ ಕಾದಿದ್ದು ನೇಣು. ಮದ್ದು ಗುಂಡು, ಉಪ್ಪು ಹಾಕಿದ ಮೇಕೆ ಮಾಂಸ, ಔಷಧಿ, ಬಟ್ಟೆ, ಹಾಯಿ, ಹಗ್ಗ, ಡಾಕ್ಟರ್ ಹೇಳಿದರೆಂದು ತಂಬಾಕು ಸಹ ಬಿಟ್ಟು ಬಂದರು.

ಸಿಸ್ಟರ್_ಶಿರಾ:

ಆದ್ರೆ ಸರ್, ಅದಕ್ಕೆ ಸ್ವಲ್ಪ ಮುಂಚೆ ರಾತ್ರಿ ಗಾಳಿಯಲ್ಲಿ ಆ ಮೂವರ ಕೂಗಾಟ ಕೇಳುತ್ತೆ. ಕುಡಿದು ಕೂಗ್ತಿದಾರೋ, ಜ್ವರದ ಸನ್ನಿಯೋ ಗೊತ್ತಾಗಲ್ಲ. ಸನ್ನಿ ಅಂತ ಖಾತ್ರಿಯಾಗಿದ್ರೆ ನನ್ನ ಜೀವಕ್ಕೆ ಏನೇ ಆಗಲಿ ಹೋಗಿ ನೋಡ್ತಿದ್ದೆ ಅಂತಾರೆ ಡಾಕ್ಟರ್. ಸಿಲ್ವರ್ ಬೇಡ ಅಂತ ತಡೀತಾನೆ. ಹೋಗಿ ನೋಡಬೇಕಿತ್ತು. ಔಷಧಿ ಇಟ್ಟು ಬಂದ್ರೆ ಸಾಲದು, ಕೊಡೋ ಕೈ ಬೇಕು. ನನ್ನ ಲಿವ್ಸೀ ಮೇಲೆ ನನಗಿರೋ ಬೇಸರ ಅದೊಂದೇ.

ಚಿಂತಾಮಣಿ_ಕಡೆಯವನು:

ಕರುಣೆ ಸರಿ, ಆದ್ರೆ ಹಡಗು ಹೊರಟಾಗ ಅವರು ಬಂದೂಕು ಹಾರಿಸಿದ್ರಲ್ಲಮ್ಮ. ಗುಂಡು ಸಿಲ್ವರ್ ತಲೆ ಮೇಲಿಂದ ಹಾಯ್ದು ಹಾಯಿ ತೂತು ಮಾಡ್ತು. ಅಂಥೋರನ್ನ ಹತ್ತಿಸ್ಕೋಬೇಕಿತ್ತಾ?

ಓದುಗಿ_ತುಮಕೂರು:

ಅಣ್ಣ, ಆ ಪುಟ ಇನ್ನೊಂದು ಸಲ ನೋಡಿ. ಹಡಗು ಹತ್ತಿರ ಬಂದಾಗ ಮೂವರೂ ಮರಳ ದಿಬ್ಬದ ಮೇಲೆ ಮಂಡಿಯೂರಿ ಕೈ ಎತ್ತಿ ಬೇಡ್ಕೊಳ್ತಿರ್ತಾರೆ. ಸಾಮಾನು ಎಲ್ಲಿಟ್ಟಿದೀವಿ ಅಂತ ಡಾಕ್ಟರ್ ಕೂಗಿ ಹೇಳಿದ ಮೇಲೂ, ಒಬ್ಬೊಬ್ಬರ ಹೆಸರು ಹಿಡಿದು ಕರೆದು, ದೇವರಾಣೆ ಇಲ್ಲಿ ಸಾಯೋಕೆ ಬಿಡಬೇಡಿ ಅಂತಾರೆ. ಹಡಗು ನಿಲ್ಲಲ್ಲ ಅಂತ ಖಾತ್ರಿ ಆದ ಮೇಲೆ, ದನಿ ಕೇಳಿಸದಷ್ಟು ದೂರ ಹೋಗ್ತಿರುವಾಗ, ಒಬ್ಬ ಎದ್ದು ಬಂದೂಕು ಎತ್ತಿದ್ದು. ಮೊದಲು ಬೇಡ್ಕೊಂಡಿದ್ದು, ಆಮೇಲೆ ಗುಂಡು. ಗುಂಡು ಹಾರಿಸಿದ್ದಕ್ಕೆ ಬಿಟ್ಟು ಬಂದ್ರು ಅಂತ ಮಾತ್ರ ಹೇಳಬೇಡಿ, ಬಿಟ್ಟು ಹೊರಟಿದ್ದಕ್ಕೇ ಹಾರಿಸಿದ್ದು.